ಎಷ್ಟು ಕಡಿಮಿ ಕೇಳಬೇಕು? ಮದುವೆ ಸಂತಿಗೆ ಹೊರಟವರಿಗೆ

ಪ್ರಶ್ನೆ: "ಮಗಳ ಮದುವಿ ಗೊತ್ತಾಗೇತ್ರಿ. ನಮ್ಮ ಮನಿ ಜಮಖಂಡಿಯೊಳಗ. ಮೊನ್ನೆ ಇಳಕಲ್ಲಿಗೆ ಹೋಗಿ ಎರಡು ಸೀರಿ ತಂದ್ವಿ. ಒಂದಕ್ಕ 4,800 ಹೇಳಿದ್ರು, ಹಟ ಹಿಡಿದು ಕೂತು 3,400ಕ್ಕ ಇಳಿಸಿದೆ. ಗೆದ್ದೆ ಅಂತ ಮನಿಗೆ ಬಂದರ, ನನ್ನ ನೆಗೆಣ್ಣಿ ಅಂಥಾದ್ದ ಸೀರಿ 2,200ಕ್ಕ ತಂದಾಳಂತ. ಇನ್ನ ಬಂಗಾರ ಆಗಬೇಕು. ಮೂರು ತೊಲಿ ಬಿಲ್ವಾರ, ಒಂದು ಬೋರಮಾಳ. ಹಳೇ ಬಂಗಾರ ಎರಡು ತೊಲಿ ಮುರಿಸೂದೈತಿ. ಆಯೇರಿಗೆ ನಲವತ್ತು ಸೀರಿ ಬೇಕು, ಒಂದು ಫ್ರಿಜ್ ಬೇಕು. ನಮ್ಮ ಮನಿಯವ್ರು 'ಹೇಳಿದ್ದರ ಅರ್ಧಕ್ಕ ಕೇಳು' ಅಂತಾರ. ಮಗಳು 'ಅವ್ವಾ, ಅಲ್ಲಿ ಫಿಕ್ಸ್ ರೇಟ್ ಇರತೈತಿ, ಮಾನ ತಗೀಬ್ಯಾಡ' ಅಂತಾಳ. ತಮ್ಮ 'ಬಿಲ್ ಬ್ಯಾಡ ಅಂದ್ರ ತಾನ ಕಡಿಮಿ ಆಗತೈತಿ' ಅಂತಾನ. ಎಲ್ಲಿ ಕೇಳಬೇಕು, ಎಷ್ಟು ಕೇಳಬೇಕು, ಯಾರ ಮಾತು ಖರೆ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. ಕಡಿಮೆ ಮಾಡಿಸಿಯೂ ಮೋಸ ಹೋದೆನೇನೋ ಎಂಬುದು ಒಂದು. ಇನ್ನು ಮುಂದೆ ಕೇಳಿದರೆ ಮಾನ ಹೋದೀತೇ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಮುಗಿಸೋಣ. ಬೆಲೆ ಕೇಳುವುದು, ಕಡಿಮೆ ಆದೀತೇ ಎಂದು ವಿಚಾರಿಸುವುದು ವ್ಯಾಪಾರದ್ದೇ ಭಾಗ. ಬೆಳಗಾವಿಯ ಖಡೇಬಜಾರಿನಲ್ಲಾಗಲಿ, ವಿಜಯಪುರದ ಶಾಸ್ತ್ರಿ ಮಾರುಕಟ್ಟೆಯಲ್ಲಾಗಲಿ, ಗಲ್ಲಾದ ಮೇಲೆ ಕೂತವರಿಗೆ ಅದು ದಿನವೂ ಕೇಳುವ ಮಾತು. ಅವರಿಗೆ ಬೇಸರ ತರಿಸುವುದು ಬೇರೆ: ಕೊಳ್ಳುವ ಮನಸ್ಸಿಲ್ಲದೆ ಇಪ್ಪತ್ತು ಸೀರೆ ಬಿಚ್ಚಿಸಿ ಎದ್ದುಹೋಗುವುದು, ಒಪ್ಪಿಕೊಂಡ ಬೆಲೆಯನ್ನು ದುಡ್ಡು ಎಣಿಸುವ ಹೊತ್ತಿಗೆ ಮತ್ತೆ ಎಳೆಯುವುದು. ಅವೆರಡನ್ನು ಮಾಡದಿದ್ದರೆ ನಿಮ್ಮ ಮಾನಕ್ಕೆ ಏನೂ ಆಗುವುದಿಲ್ಲ ಎಂದು ಮಗಳಿಗೆ ಹೇಳಿ.

ಇನ್ನು ಮೋಸದ ಅನುಮಾನ. 4,800ರಿಂದ 3,400ಕ್ಕೆ ಇಳಿದ 1,400 ರೂಪಾಯಿ ನಿಮಗೆ ಲಾಭವಾಯಿತೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಗಿರಾಕಿ ಜಗ್ಗಾಡಿಯೇ ಜಗ್ಗಾಡುತ್ತಾರೆ ಎಂದು ಗೊತ್ತಿರುವ ಅಂಗಡಿ ಅಷ್ಟನ್ನು ಮೊದಲೇ ಏರಿಸಿ ಹೇಳಿರುತ್ತದೆ. ಹೇಳಿದ ಬೆಲೆಯಿಂದ ಕೆಳಗೆ ಎಣಿಸುತ್ತ ಬಂದರೆ ಅವರ ಲೆಕ್ಕದೊಳಗೇ ನೀವು ಉಳಿದಿರುತ್ತೀರಿ. ನೀವು ಎಣಿಸಬೇಕಾದದ್ದು ಕೆಳಗಿನಿಂದ: ಈ ವಸ್ತುವಿನಲ್ಲಿ ಮಾಲು ಎಷ್ಟರದ್ದು, ಕೂಲಿ ಎಷ್ಟು, ತೆರಿಗೆ ಎಷ್ಟು, ಅಂಗಡಿಯವರ ಕೈಯಲ್ಲಿರುವುದು ಯಾವ ಭಾಗ? ಆ ಭಾಗವನ್ನಷ್ಟೇ ಹೆಸರು ಹಿಡಿದು ಕೇಳಬೇಕು.

ನಿಮ್ಮ ಮನೆಯವರ 'ಅರ್ಧಕ್ಕ ಕೇಳು' ಸೂತ್ರ ಜಾತ್ರೆಯ ಬಳೆ, ಆಟಿಕೆ, ರಸ್ತೆ ಬದಿಯ ಚೀಲಗಳಿಗೆ ಹೊಂದೀತು. ಮದುವೆ ಸಂತಿಯಲ್ಲಿ ಅದರಿಂದ ಹಾನಿಯೇ ಹೆಚ್ಚು. ಅರ್ಧಕ್ಕೆ ಕೇಳಿದೊಡನೆ ನಿಮಗೆ ಮಾಲಿನ ಪರಿಚಯವಿಲ್ಲ ಎಂಬುದು ಎದುರಿನವರಿಗೆ ತಿಳಿಯುತ್ತದೆ. ಆಮೇಲೆ ಬೆಲೆ ಇಳಿಯುವುದಿಲ್ಲ, ಮಾಲು ಇಳಿಯುತ್ತದೆ. ನೋಡಲಿಕ್ಕೆ ಹಾಗೇ ಇರುವ, ನೂಲು ಮಾತ್ರ ಬೇರೆಯಾದ ಇನ್ನೊಂದು ಸೀರೆ ನಿಮ್ಮ ಬೆಲೆಗೆ ಸರಿಯಾಗಿ ಒಳಗಿನಿಂದ ಬರುತ್ತದೆ.

ಸೀರೆ: ಮೊದಲು ನೂಲು, ಆಮೇಲೆ ಬೆಲೆ

ನಿಮ್ಮ ಸೀರೆಯನ್ನೂ ನೆಗೆಣ್ಣಿಯವರ ಸೀರೆಯನ್ನೂ ಪಕ್ಕಪಕ್ಕ ಹಾಸಿ ನೋಡಿ. ಇಳಕಲ್ ಸೀರೆ ಎಂಬ ಒಂದೇ ಹೆಸರಿನ ಕೆಳಗೆ ಕನಿಷ್ಠ ಮೂರು ದರ್ಜೆಯ ಮಾಲು ಮಾರಾಟವಾಗುತ್ತದೆ. ಒಡಲು ಹತ್ತಿ, ಸೆರಗು ಮತ್ತು ದಡಿ ಚಮಕ, ಅಂದರೆ ಕೃತಕ ರೇಷ್ಮೆ. ಇದು ಅಗ್ಗದ್ದು. ರೇಷ್ಮೆಯ ಜೊತೆ ಹತ್ತಿ ಸೇರಿದ್ದು ನಡುವಿನದು. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡೂ ಅಪ್ಪಟ ರೇಷ್ಮೆಯಾದದ್ದು ದುಬಾರಿ. ಇದರ ಮೇಲೆ ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬ ವ್ಯತ್ಯಾಸ ಬೇರೆ. ಬಣ್ಣ, ದಡಿ, ಕೆಂಪು ಸೆರಗು ಎಲ್ಲದರಲ್ಲೂ ಒಂದೇ ಥರ ಕಾಣುವುದರಿಂದ 'ಅಂಥಾದ್ದ ಸೀರಿ' ಎಂಬ ಮಾತನ್ನು ಕಣ್ಣಳತೆಯಲ್ಲಿ ನಂಬಬಾರದು.

ಪರೀಕ್ಷೆ ಹೀಗೆ. ಸೆರಗಿನ ತುದಿಯ ಬಿಡಿ ಎಳೆ ಒಂದನ್ನು, ಒಡಲಿನ ಎಳೆ ಒಂದನ್ನು ತೆಗೆದು ಬೇರೆಬೇರೆಯಾಗಿ ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಮತ್ತು ರೇಯಾನ್ ಕಾಗದದಂತೆ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಂಗಡಿಯಲ್ಲಾದರೆ ಮೊದಲು ಕೇಳಿ ಮಾಡಿ. ರೇಷ್ಮೆ ಎಂದು ಮಾರುವವರು ಒಂದು ಎಳೆ ಕೊಡಲು ಸಾಮಾನ್ಯವಾಗಿ ಹಿಂಜರಿಯುವುದಿಲ್ಲ. ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ, ಕೈಮಗ್ಗದ್ದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ನೋಡಿ.

ಸೆರಗು ಒಡಲಿಗೆ ಕೂಡುವ ಜಾಗವನ್ನು ತಿರುವಿ ನೋಡುವುದೂ ಮುಖ್ಯ. ಇಳಕಲ್ ನೇಕಾರರು ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ತೋಪು ತೆನಿ ಎಂದು ಕರೆಯುವ ಈ ಜೋಡಣೆಗೆ ತಾಸುಗಟ್ಟಲೆ ಕೈಕೆಲಸ ಹಿಡಿಯುತ್ತದೆ. ನಕಲು ಮಾಲಿನಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಒಂದೇ ಹಾಸು ಉದ್ದಕ್ಕೂ ಓಡಿರುತ್ತದೆ. ಕಸೂತಿ ಇದ್ದರೆ ಹಿಂಬದಿ ನೋಡಿ. ಕೈಯಿಂದ ಹಾಕಿದ ಗವಂತಿ, ಮುರಗಿ ಹೊಲಿಗೆಗಳು ಎರಡೂ ಮಗ್ಗುಲಿಗೆ ಒಂದೇ ಥರ ಕಾಣುತ್ತವೆ, ಗಂಟು ಇರುವುದಿಲ್ಲ. ಯಂತ್ರದ ಕಸೂತಿಯ ಹಿಂದೆ ದಾರದ ಜಾಲ ಕಾಣುತ್ತದೆ. ಇಷ್ಟು ನೋಡಿದ ಮೇಲೆ ನಿಮ್ಮದು ರೇಷ್ಮೆ ಸೆರಗಿನ ಕೈಮಗ್ಗದ ಸೀರೆ, ಅವರದ್ದು ಚಮಕ ಎಂದಾದರೆ 1,200 ರೂಪಾಯಿ ಅಂತರಕ್ಕೆ ಕಾರಣ ಸಿಕ್ಕಿತು. ರೇಷ್ಮೆ ಎಂದು ಬರೆದು ಚಮಕ ಕೊಟ್ಟಿದ್ದರೆ ಬಿಲ್ಲಿನೊಂದಿಗೆ ಅದೇ ಅಂಗಡಿಗೆ ಹೋಗಿ. ಬೇರೆ ಮಾಲು ಹೇಳಿ ಬೇರೆಯದನ್ನು ಕೊಟ್ಟರೆ ಅದು ಬರೀ ಬೆಲೆಯ ತಕರಾರಲ್ಲ, ತಪ್ಪು ಮಾರಾಟ.

ಮುಂದಿನ ಸೀರೆಗೆ ಕೇಳುವ ರೀತಿಯೂ ಬದಲಾಗಲಿ. 'ಕಡಿಮಿ ಮಾಡ್ರಿ' ಎಂಬುದಕ್ಕೆ ಅಂಗಡಿಯವರ ಹತ್ತಿರ ಸಿದ್ಧ ಉತ್ತರವಿದೆ: 'ಅಕ್ಕಾರ, ನಮಗ ಬೀಳೂದ ಅಷ್ಟು'. ಅದರ ಬದಲು 'ಅಣ್ಣಾರ, ಸೆರಗು ರೇಶ್ಮಿ, ಒಡಲು ಹತ್ತಿ, ಕೈಮಗ್ಗ, ಇದರಾಗ ಮೂರು ತಗೋತೀನಿ, ಈಗ ರೋಕ ಕೊಡತೀನಿ, ಕೊನಿ ರೇಟ್ ಹೇಳ್ರಿ' ಎನ್ನಿ. ಮಾಲು, ಸಂಖ್ಯೆ, ಹಣ ಯಾವಾಗ ಎಂಬ ಮೂರೂ ಆ ಒಂದೇ ಮಾತಿನಲ್ಲಿವೆ. ಎರಡು ಅಂಗಡಿಯಲ್ಲಿ ಇದೇ ಮಾತು ಹೇಳಿ ಬಂದ ಬೆಲೆಗಳನ್ನು ಮಾತ್ರ ಹೋಲಿಸಬಹುದು.

ಇಲ್ಲಿ ಒಂದು ಮಾತು ಕಳಕಳಿಯಿಂದ ಹೇಳಬೇಕು. ನೇರವಾಗಿ ನೇಕಾರರ ಮನೆಗೇ ಹೋಗಿ ಕೊಳ್ಳುವುದಾದರೆ ಅಂಗಡಿಯಲ್ಲಿ ಎಳೆದಷ್ಟು ಎಳೆಯಬೇಡಿ. ಅಂಗಡಿಯಲ್ಲಿ ಇಳಿದ 300 ರೂಪಾಯಿ ಲಾಭದ ಅಂಚಿನಿಂದ ಹೋಗುತ್ತದೆ. ಮಗ್ಗದ ಮುಂದೆ ಇಳಿಸಿದ 300 ರೂಪಾಯಿ ದಿನಗಟ್ಟಲೆ ಕುಣಿಯಲ್ಲಿ ಕಾಲಿಟ್ಟು ಕೂತವರ ಕೂಲಿಯಿಂದಲೇ ಹೋಗುತ್ತದೆ. ಅಲ್ಲಿ ಬೆಲೆಯ ಬದಲು ಬೇರೆಯದನ್ನು ಕೇಳಿ: ನಿಮಗೆ ಬೇಕಾದ ಬಣ್ಣದಲ್ಲಿ ನೇಯ್ದು ಕೊಡುವುದು, ಹೊಂದುವ ಕುಪ್ಪಸದ ತುಂಡು, ಕುಚ್ಚು ಕಟ್ಟಿಕೊಡುವುದು. ಸ್ಥಳದಲ್ಲೇ ಪೂರ್ತಿ ಹಣ ಕೊಡಿ. ಉದ್ರಿ ವ್ಯಾಪಾರದಲ್ಲಿ ಸಿಕ್ಕಿಕೊಂಡವರಿಗೆ ರೋಕ ಹಣಕ್ಕೆ ತನ್ನದೇ ಬೆಲೆ ಇದೆ, ಅದಕ್ಕೆ ತಕ್ಕಂತೆ ಅವರೇ ಸ್ವಲ್ಪ ಬಿಡುವುದೂ ಉಂಟು.

ಆಯೇರಿ ಸೀರೆಗಳ, ಅಂದರೆ ಮದುವೆಯಲ್ಲಿ ಬಂಧುಗಳಿಗೆ ಉಡುಗೊರೆ ಕೊಡುವ ಸೀರೆಗಳ, ಲೆಕ್ಕ ಬೇರೆ. ನಲವತ್ತು ಸೀರೆ ಎಂದರೆ ನೀವು ಚಿಲ್ಲರೆ ಗಿರಾಕಿಯಲ್ಲ. ರಬಕವಿ-ಬನಹಟ್ಟಿ ನಿಮಗೆ ಹತ್ತಿರವೇ ಇದೆ; ಬೆಳಗಾವಿಯ ಶಹಾಪುರ, ವಡಗಾವಿ ಕಡೆಯೂ ನೇಕಾರಿಕೆ ಇದೆ. ಸಗಟು ಮಾಲು ಕಟ್ಟುಗಳಲ್ಲಿ ಬರುತ್ತದೆ, ಒಂದು ಕಟ್ಟಿನಲ್ಲಿ ಎಲ್ಲ ಬಣ್ಣವೂ ಇರುತ್ತದೆ. ನೀವು ಒಳ್ಳೆಯ ಬಣ್ಣಗಳನ್ನಷ್ಟೇ ಆರಿಸಿ ತೆಗೆದರೆ ಉಳಿದವು ಅಂಗಡಿಯವರ ಕೊರಳಿಗೆ ಬೀಳುತ್ತವೆ, ಅದರ ಹಾನಿಯನ್ನು ನಿಮ್ಮ ಬೆಲೆಯಲ್ಲೇ ಸೇರಿಸುತ್ತಾರೆ. 'ಆರಸೂದಿಲ್ಲ, ಕಟ್ಟು ಹಂಗ ತಗೋತೀವಿ' ಎಂದರೆ ಬೆಲೆ ಇಳಿಯುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಆದರೆ ಹಣ ಕೊಡುವ ಮುನ್ನ ಪ್ರತಿಯೊಂದನ್ನೂ ಬಿಚ್ಚಿ ಎಳೆ ಹೋಗಿದೆಯೇ, ಕಲೆ ಇದೆಯೇ ನೋಡಿ. ನಾಲ್ಕೈದನ್ನು ಟೇಪಿನಿಂದ ಅಳೆಯಿರಿ. ಕುಪ್ಪಸ ಬಿಟ್ಟು 5.5 ಮೀಟರ್, ಕುಪ್ಪಸ ಸೇರಿ 6.2 ಮೀಟರ್ ಆಸುಪಾಸು ಇರಬೇಕು. ಅಗ್ಗದ ಕಟ್ಟುಗಳಲ್ಲಿ ಕಡಿತವಾಗುವುದು ಈ ಉದ್ದವೇ.

ಬಂಗಾರ: ದರವನ್ನಲ್ಲ, ಮಜೂರಿಯನ್ನು ಕೇಳಿ

ನಿಮ್ಮ ಖರ್ಚಿನ ದೊಡ್ಡ ಪಾಲು ಇಲ್ಲಿಯೇ, ಆದ್ದರಿಂದ ನಿಧಾನಕ್ಕೆ ಓದಿ. ತೊಲಿಯ ಮಾತನ್ನು ಮೊದಲು ಬಿಡಿ. ಹಳೆಯ ತೊಲೆ 11.66 ಗ್ರಾಂ, ಈಗ ಅಂಗಡಿಗಳಲ್ಲಿ ತೊಲಿ ಎಂದರೆ 10 ಗ್ರಾಂ. ಮನೆಯ ಹಿರಿಯರು ಒಂದು ಹೇಳಿ ಅಂಗಡಿಯವರು ಇನ್ನೊಂದು ತಿಳಿದರೆ ಮೂರು ತೊಲಿಗೆ ಸುಮಾರು ಐದು ಗ್ರಾಂ ವ್ಯತ್ಯಾಸ. ಎಲ್ಲವನ್ನೂ ಗ್ರಾಂನಲ್ಲೇ ಮಾತಾಡಿ.

ಆಭರಣದ ಬೆಲೆಯಲ್ಲಿ ನಾಲ್ಕು ಭಾಗ: 22 ಕ್ಯಾರೆಟ್ ಬಂಗಾರದ ಅಂದಿನ ದರ, ಮಜೂರಿ (ಒಡವೆ ಮಾಡಿದ ಕೂಲಿ) ಮತ್ತು ಸವಕಳಿ (ವೇಸ್ಟೇಜ್), ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಶುಲ್ಕ, ಜಿಎಸ್‌ಟಿ. ಅಂದಿನ ದರ ಪೇಟೆಯ ದರ. ಅದರಲ್ಲಿ ಅಂಗಡಿಗೆ ಆಡಲು ಜಾಗ ಕಡಿಮೆ. ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ 45 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಸಿದ್ಧ ಆಭರಣ ಕೊಂಡಾಗ ಬಂಗಾರ ಮತ್ತು ಮಜೂರಿ ಸೇರಿದ ಮೊತ್ತದ ಮೇಲೆ 3% ಜಿಎಸ್‌ಟಿ. ಈ ಮೂರೂ ಜಗ್ಗಾಟಕ್ಕೆ ಬರುವುದಿಲ್ಲ. ಉಳಿದದ್ದು ಮಜೂರಿ ಮತ್ತು ಸವಕಳಿ. ಅಂಗಡಿಯ ಲಾಭ ಬಹುಪಾಲು ಅಲ್ಲಿಯೇ ಇದೆ, ನೀವು ಕೇಳಬೇಕಾದದ್ದೂ ಅದನ್ನೇ.

ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ಗ್ರಾಂಗೆ 10,000 ಎಂದಿಟ್ಟುಕೊಳ್ಳೋಣ. 30 ಗ್ರಾಂ ಬಿಲ್ವಾರಕ್ಕೆ (ಬಂಗಾರದ ಬಳೆಗೆ) ಬಂಗಾರ 3,00,000. ಮಜೂರಿ 14% ಆದರೆ 42,000. ಜಿಎಸ್‌ಟಿ 10,260. ಮಜೂರಿಯನ್ನು 10%ಕ್ಕೆ ಇಳಿಸಿಕೊಂಡರೆ 12,000 ರೂಪಾಯಿ, ಅದರ ಮೇಲಿನ ತೆರಿಗೆ 360 ಸೇರಿ 12,360 ಉಳಿಯಿತು. ಗ್ರಾಂಗೆ 200 ರೂಪಾಯಿ ರಿಯಾಯಿತಿ ಎಂಬ ಫಲಕ ನೋಡಿ ಒಳಗೆ ಹೋದರೆ ಸಿಗುವುದು 6,000. ಅಂದರೆ ಮಜೂರಿಯಲ್ಲಿ ಬರೀ 2%. 'ಮಜೂರಿ ಮೇಲೆ 20% ಬಿಟ್ಟೀವಿ' ಎನ್ನುವ ಅಂಗಡಿಯ ಮೂಲ ಮಜೂರಿ 18% ಆಗಿದ್ದರೆ ಬಿಟ್ಟ ಮೇಲೂ ಅದು 14.4%. ಯಾವ ರಿಯಾಯಿತಿಯನ್ನೂ ಕೂಗದ ಪಕ್ಕದ ಅಂಗಡಿಯ 14%ಕ್ಕಿಂತ ಹೆಚ್ಚು.

ಇನ್ನೊಂದು ಗೊಂದಲ, ಸವಕಳಿಯನ್ನು ಶೇಕಡಾದಲ್ಲಿ, ಮಜೂರಿಯನ್ನು ಗ್ರಾಂ ಲೆಕ್ಕದಲ್ಲಿ ಒಡೆದು ಹೇಳುವುದು. 'ವೇಸ್ಟೇಜ್ 8%, ಮಜೂರಿ ಗ್ರಾಂಗೆ 500' ಎಂದರೆ ಕಡಿಮೆ ಎನಿಸುತ್ತದೆ. 30 ಗ್ರಾಂಗೆ 8% ಅಂದರೆ 2.4 ಗ್ರಾಂ, 24,000 ರೂಪಾಯಿ, ಮಜೂರಿ 15,000, ಒಟ್ಟು 39,000, ಅಂದರೆ 13%. ಎಲ್ಲ ಅಂಗಡಿಯಲ್ಲೂ ಒಂದೇ ಪ್ರಶ್ನೆ ಕೇಳಿ: 'ಬಂಗಾರದ ಕಿಮ್ಮತ್ತು ಬಿಟ್ಟು ಮ್ಯಾಲ ಒಟ್ಟು ಎಷ್ಟು ಪರ್ಸೆಂಟ್ ಬೀಳತೈತಿ, ಟ್ಯಾಕ್ಸ್ ಬಿಟ್ಟು?' ಬಂದ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸಾದಾ ಬಿಲ್ವಾರ, ಪಾಟಲಿ, ಸರಪಳಿಗಳಲ್ಲಿ ಕೆಲಸ ಕಡಿಮೆ, ಯಂತ್ರದಲ್ಲೂ ಆಗುತ್ತದೆ. ಅಲ್ಲಿ ಗಟ್ಟಿಯಾಗಿ ಕೇಳಬಹುದು. ಸಣ್ಣ ಕೆತ್ತನೆಯ, ಪತ್ತಾರರು ಕೂತು ಕೈಯಿಂದ ಮಾಡಿದ ಒಡವೆಗೆ ಮಜೂರಿ ಹೆಚ್ಚಿರುವುದು ನ್ಯಾಯವೇ, ಅಲ್ಲಿ ಒಂದೆರಡು ಪರ್ಸೆಂಟಿಗಿಂತ ಹೆಚ್ಚು ನಿರೀಕ್ಷಿಸಬೇಡಿ.

ಬೋರಮಾಳದಲ್ಲಿ ಮಜೂರಿಗಿಂತ ದೊಡ್ಡ ಪ್ರಶ್ನೆ ತೂಕದ್ದು. ಅದರ ಗುಂಡುಗಳು ಒಳಗೆ ಪೊಳ್ಳು, ನಜ್ಜಾಗದಿರಲೆಂದು ಅರಗು ತುಂಬಿರುತ್ತಾರೆ. ಒಟ್ಟು ತೂಕ 18 ಗ್ರಾಂ ಬಂದು ಅದರಲ್ಲಿ ಅರಗು 3 ಗ್ರಾಂ ಇದ್ದರೆ, ಮೇಲಿನ ದರದಲ್ಲಿ ಅರಗಿಗೆ ಬಂಗಾರದ ಬೆಲೆಯಾಗಿ 30,000 ಕೊಟ್ಟಂತೆ. ತಾಳಿಯ ಕರಿಮಣಿಗೂ ಕಲ್ಲಿಗೂ ಇದೇ ಮಾತು. ಬಿಲ್ಲಿನಲ್ಲಿ ಒಟ್ಟು ತೂಕ, ಅರಗು ಅಥವಾ ಕಲ್ಲಿನ ತೂಕ, ನಿವ್ವಳ ಬಂಗಾರದ ತೂಕ ಬೇರೆಬೇರೆ ಬರೆದಿರಬೇಕು, ಮಜೂರಿ ನಿವ್ವಳ ತೂಕದ ಮೇಲೆ ಲೆಕ್ಕವಾಗಿರಬೇಕು. ತೂಗುವಾಗ ತಕ್ಕಡಿಯ ಗಾಜಿನ ಮುಚ್ಚಳ ಹಾಕಿದೆಯೇ, ಬರಿದಾಗಿದ್ದಾಗ ಸೊನ್ನೆ ತೋರಿಸುತ್ತದೆಯೇ, ಸರ್ಕಾರಿ ಮುದ್ರೆ ಇದೆಯೇ ನೋಡಿ. ಫ್ಯಾನಿನ ಗಾಳಿಗೂ ಮಿಲಿಗ್ರಾಂಗಳು ಅಲುಗಾಡುತ್ತವೆ.

ಶುದ್ಧತೆಯಲ್ಲಿ ಮಾತ್ರ ಯಾವ ಹೊಂದಾಣಿಕೆಯೂ ಬೇಡ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಒಡವೆಯ ಮೇಲೆ ಮೂರು ಗುರುತು ಇರಲೇಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, 22ಕೆ916 (22 ಕ್ಯಾರೆಟ್, ನೂರಕ್ಕೆ 91.6 ಪಾಲು ಅಪ್ಪಟ ಬಂಗಾರ) ಎಂಬಂತೆ ಶುದ್ಧತೆ, ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ. ಮಸೂರ ಕೇಳಿ ಪಡೆದು ಓದಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ನೋಡಿ. ಒಡವೆಯ ಬಗೆ, ಶುದ್ಧತೆ ತೋರಿಸುತ್ತದೆ. ಅಲ್ಲಿ ಉಂಗುರ ಎಂದು ಬಂದು ನಿಮ್ಮ ಕೈಯಲ್ಲಿ ಬಿಲ್ವಾರ ಇದ್ದರೆ ಅಲ್ಲಿಗೇ ನಿಲ್ಲಿಸಿ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚನ್ನು ಮಾರಿದವರು ಕೊಡಬೇಕು ಎಂದು ಬಿಐಎಸ್ ನಿಯಮಗಳೇ ಹೇಳುತ್ತವೆ.

ಹಳೆಯ ಬಂಗಾರ ಮುರಿಸುವಾಗ

ಮಜೂರಿಯಲ್ಲಿ ಉದಾರವಾಗಿ ಬಿಟ್ಟು ಮುರುಕಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದು ಹಳೆಯ ಪದ್ಧತಿ. ಆದ್ದರಿಂದ ಎರಡು ವ್ಯವಹಾರವನ್ನು ಬೇರೆಬೇರೆ ಮಾಡಿ. ಹೊಸ ಒಡವೆಯ ಮಜೂರಿ ಚೀಟಿಯಲ್ಲಿ ಬರೆಸಿಕೊಂಡ ಮೇಲೆ ಹಳೆಯದನ್ನು ಚೀಲದಿಂದ ಹೊರಗೆ ತೆಗೆಯಿರಿ.

ಕರಗಿಸುವ ಮುನ್ನ ನಿಮ್ಮ ಕಣ್ಣೆದುರು ತೂಗಿಸಿ. ಕಲ್ಲು, ಅರಗು ಬೇರೆ ಮಾಡಿಸಿ. ಯಂತ್ರದ ಪರೀಕ್ಷೆ ಒಡವೆಯ ಮೇಲ್ಪದರವನ್ನಷ್ಟೇ ಓದುತ್ತದೆ, ಬೆಸುಗೆ ಹೆಚ್ಚಿರುವ ಹಳೆಯ ಒಡವೆಗಳಲ್ಲಿ ಅದು ಹೆಚ್ಚುಕಡಿಮೆ ಆಗಬಹುದು. ಕರಗಿಸಿದ ಗಟ್ಟಿಯನ್ನು ಪರೀಕ್ಷಿಸಿದರೆ ಸರಿಯಾದ ಅಂಕಿ ಸಿಗುತ್ತದೆ. ಉದಾಹರಣೆಗೆ 20 ಗ್ರಾಂ ಹಳೆಯದು ಕರಗಿ 19.4 ಗ್ರಾಂ ಆಯಿತು, ಶುದ್ಧತೆ 88% ಬಂತು ಎನ್ನಿ. ಅಪ್ಪಟ ಬಂಗಾರ 17.07 ಗ್ರಾಂ. ಅದನ್ನು 0.916ರಿಂದ ಭಾಗಿಸಿದರೆ 22 ಕ್ಯಾರೆಟ್ ಲೆಕ್ಕದಲ್ಲಿ 18.64 ಗ್ರಾಂ. ನಿಮಗೆ ಸಲ್ಲಬೇಕಾದದ್ದು ಇಷ್ಟಕ್ಕೆ. ಕೆಲವರು ಇದರ ಮೇಲೆ ಮತ್ತೆ ಎರಡು ಮೂರು ಪರ್ಸೆಂಟ್ 'ಕರಗಿಸೋ ಘಟ' ಎಂದು ಕಳೆಯುತ್ತಾರೆ. ಕರಗಿ ಹೋದದ್ದು 19.4ರಲ್ಲೇ ಲೆಕ್ಕವಾಗಿದೆ, ಎರಡನೇ ಸಲ ಕಳೆಯಲು ಕಾರಣವಿಲ್ಲ ಎಂದು ಶಾಂತವಾಗಿ ಹೇಳಿ. ಹಳೆಯದಕ್ಕೆ ಹಿಡಿಯುವ ದರ ಇಂದಿನ ಮಾರಾಟ ದರವೋ ಅದಕ್ಕಿಂತ ಕಡಿಮೆಯೋ ಎಂಬುದನ್ನೂ ಕೇಳಿ. ಇಲ್ಲಿ ಗ್ರಾಂಗೆ 100 ರೂಪಾಯಿ ಏರಿಸಿಕೊಂಡರೂ ಅದು ನಿಜವಾದ ಹಣ. ಕರಗಿಸಿದ ಮೇಲೆ ಒಡವೆ ಮತ್ತೆ ಒಡವೆಯಾಗದು, ಆಗ ನಿಮ್ಮ ಮಾತಿನ ಬಲ ಅರ್ಧಕ್ಕೆ ಇಳಿಯುತ್ತದೆ. ಈ ಪ್ರಶ್ನೆಗಳೆಲ್ಲ ಮೂಸೆಗೆ ಹಾಕುವ ಮೊದಲೇ ಮುಗಿಯಲಿ.

ತಮ್ಮನ ಸಲಹೆ: ಬಿಲ್ ಬ್ಯಾಡ

ಇದನ್ನು ದಯವಿಟ್ಟು ಕೇಳಬೇಡಿ. ಮೇಲಿನ ಬಿಲ್ವಾರದಲ್ಲಿ ಬಿಲ್ ಬಿಟ್ಟರೆ ಉಳಿಯುವುದು ಹೆಚ್ಚೆಂದರೆ 10,260 ರೂಪಾಯಿ. ಕಳೆದುಕೊಳ್ಳುವುದೇನು? ಶುದ್ಧತೆ ಕಡಿಮೆ ಬಂದರೆ ಪರಿಹಾರ ಕೇಳುವ ಹಕ್ಕಿಗೆ ಆಧಾರ, ನಾಳೆ ಅದೇ ಅಂಗಡಿಗೆ ಮರಳಿ ಕೊಡುವಾಗಿನ ದರ, ಕಳವಾದರೆ ಪೊಲೀಸ್ ದೂರಿಗೆ ದಾಖಲೆ, ವಿಮೆ, ಮಗಳ ಒಡವೆ ಮಗಳದೇ ಎಂದು ತೋರಿಸುವ ಕಾಗದ. ಬಿಲ್ ಇಲ್ಲದ ವ್ಯಾಪಾರದಲ್ಲಿ ತೂಕ, ಶುದ್ಧತೆ ಎರಡೂ ಸಡಿಲವಾಗುವ ಅಪಾಯ ಹೆಚ್ಚು, ಯಾಕೆಂದರೆ ಅಲ್ಲಿ ಯಾವುದಕ್ಕೂ ಬರಹವಿಲ್ಲ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. 'ಎಸ್ಟಿಮೇಟ್' ಎಂದು ಬರೆದ ಹಳದಿ ಚೀಟಿ ಬಿಲ್ ಅಲ್ಲ. ಇನ್ನು 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ಅಂಗಡಿಯವರು ನಗದಿನಲ್ಲಿ ತೆಗೆದುಕೊಳ್ಳುವಂತಿಲ್ಲ, 2 ಲಕ್ಷ ದಾಟಿದ ಖರೀದಿಗೆ ಪ್ಯಾನ್ ಬೇಕು. ಬಿಲ್ ತುಂಡು ಮಾಡಿ ಬರೆಸುವ ಉಪಾಯಕ್ಕೂ ಹೋಗಬೇಡಿ.

'ಮಾರಿದ ಮಾಲು ವಾಪಸ್ ಇಲ್ಲ' ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿದ್ದರೂ ದೋಷವಿರುವ ವಸ್ತುವನ್ನು ಅವರು ವಾಪಸ್ ಪಡೆಯಲೇಬೇಕು. ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ 30 ದಿನದೊಳಗೆ. ಆದರೆ ಬಣ್ಣ ಹಿಡಿಸಲಿಲ್ಲ, ಬೀಗರಿಗೆ ಸರಿಬರಲಿಲ್ಲ ಎಂಬ ಕಾರಣಕ್ಕೆ ಬದಲಿಸಿಕೊಡಬೇಕೆಂಬ ಕಾನೂನು ಇಲ್ಲ. ಮದುವೆ ಬಟ್ಟೆಯಲ್ಲಿ ಇದೇ ಹೆಚ್ಚು ಬರುವ ತಾಪತ್ರಯ. ಅಂಗಡಿಯವರು ಬೆಲೆ ಇಳಿಸಲು ಒಪ್ಪದಿದ್ದರೆ '15 ದಿನದಾಗ ಮೂರು ಸೀರಿ ಬದಲಿ ಕೊಡ್ರಿ, ಬಿಲ್ ಮ್ಯಾಲ ಬರೀರಿ' ಎಂದು ಕೇಳಿ. ನೂರು ರೂಪಾಯಿ ರಿಯಾಯಿತಿಗಿಂತ ಈ ಒಂದು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಫಿಕ್ಸ್ ರೇಟ್ ಮತ್ತು ಫ್ರಿಜ್

ಮಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ದೊಡ್ಡ ಮಳಿಗೆಯ ಚೀಟಿಯ ಬೆಲೆಯನ್ನು ಅಲ್ಲಿನ ಹುಡುಗರು ಬದಲಿಸಲಾರರು. ಆದರೆ ಚೀಟಿಯ ಹೊರಗೆ ಬಹಳಷ್ಟು ಇದೆ, ಅದರ ಅಧಿಕಾರ ವ್ಯವಸ್ಥಾಪಕರ ಹತ್ತಿರ ಇರುತ್ತದೆ. ಅವರನ್ನೇ ಕೇಳಿ.

ಫ್ರಿಜ್ ಡಬ್ಬದ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರುವುದು ಅಪರಾಧ, ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಎಲ್ಲರೂ ಅದಕ್ಕಿಂತ ಬಹಳ ಕೆಳಗೇ ಮಾರುತ್ತಾರೆ, ಆದ್ದರಿಂದ 'ಎಂಆರ್‌ಪಿ ಮೇಲೆ 30% ಕಡಿಮೆ' ಎಂಬುದು ರಿಯಾಯಿತಿಯೇ ಅಲ್ಲ. ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಬರೆದುಕೊಳ್ಳಿ; ಕೊನೆಯ ಒಂದೆರಡು ಅಕ್ಷರದಲ್ಲೇ ಬಣ್ಣ, ವರ್ಷ, ವಿದ್ಯುತ್ ಉಳಿತಾಯದ ಸ್ಟಾರ್ ಬದಲಾಗಬಹುದು. ಅದೇ ಸಂಖ್ಯೆಯ ಬೆಲೆಯನ್ನು ಆನ್‌ಲೈನಿನಲ್ಲಿ, ಜಮಖಂಡಿಯ ಒಂದು ಅಂಗಡಿಯಲ್ಲಿ, ಬೆಳಗಾವಿ ಇಲ್ಲವೇ ವಿಜಯಪುರದ ಒಂದು ಅಂಗಡಿಯಲ್ಲಿ ಕೇಳಿ. ಕೇಳುವಾಗ 'ಮನಿಗೆ ಮುಟ್ಟಿಸಿ, ಹಚ್ಚಿಕೊಟ್ಟು, ಬಿಲ್ ಸಮೇತ ಎಷ್ಟು' ಎಂದೇ ಕೇಳಿ. ದೂರದ ಪೇಟೆಯಲ್ಲಿ ಉಳಿಸಿದ 800 ರೂಪಾಯಿ ಟೆಂಪೋ ಬಾಡಿಗೆಗೆ ಹೋಗುವುದು ಬೇಡ. ಊರಿನ ಅಂಗಡಿಯವರು ರಿಪೇರಿ ಸಮಯದಲ್ಲಿ ಫೋನ್ ಎತ್ತುತ್ತಾರೆ, ಇನ್ನೂರು ಮುನ್ನೂರು ಹೆಚ್ಚಾದರೂ ಅಲ್ಲಿಯೇ ಕೊಳ್ಳುವುದು ನನ್ನ ಸಲಹೆ.

ಮಾರಾಟಗಾರರಿಗೆ ಕಂಪನಿಗಳ ತಿಂಗಳ ಗುರಿ ಇರುವುದರಿಂದ ತಿಂಗಳ ಕೊನೆಯ ನಾಲ್ಕೈದು ದಿನ ಬೆಲೆ ಮೆತ್ತಗಾಗುವುದುಂಟು. ಹಿಂದಿನ ವರ್ಷದ ಮಾದರಿ, ಪ್ರದರ್ಶನಕ್ಕಿಟ್ಟ ತುಂಡು ಇನ್ನೂ ಅಗ್ಗ. ಆದರೆ ಸ್ಟಾರ್ ಚೀಟಿಯಲ್ಲಿ ಬರೆದ ಅವಧಿ ನೋಡಿ, ವಾರಂಟಿ ಬಿಲ್ ದಿನದಿಂದಲೇ ಶುರುವಾಗುತ್ತದೆಂದು ಬರೆಸಿಕೊಳ್ಳಿ. ಬಡ್ಡಿ ಇಲ್ಲದ ಕಂತು ಎಂದಾಗ 'ಪೂರಾ ರೋಕ ಕೊಟ್ರ ಎಷ್ಟು?' ಎಂದು ಕೇಳಿ. ಎರಡರ ಅಂತರವೇ ಬಡ್ಡಿ, ಜೊತೆಗೆ ಸಂಸ್ಕರಣಾ ಶುಲ್ಕ ಬೇರೆ. ಬಡ್ಡಿಯೇ ಇಲ್ಲದ ಸಾಲ ಎಂಬುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಕ್ರೆಡಿಟ್ ಕಾರ್ಡಿಗೆ ಅಂಗಡಿಯವರು ಬ್ಯಾಂಕಿಗೆ ಶುಲ್ಕ ಕಟ್ಟಬೇಕು. ನೀವು ಖಾತೆಯಿಂದ ಯುಪಿಐ ಮೂಲಕ ಕೊಡುವುದಾದರೆ ಆ ಖರ್ಚು ಉಳಿಯುತ್ತದೆ, ಅದನ್ನು ಕೇಳಿ ಪಡೆಯುವುದರಲ್ಲಿ ತಪ್ಪಿಲ್ಲ.

ಅಂಗಡಿಯೊಳಗೆ

ಮದುವೆ ಸಂತಿಗೆ ಕ್ರೂಸರ್ ತುಂಬ ಜನ ಹೋಗುವುದು ನಮ್ಮ ಕಡೆಯ ರೂಢಿ. ಹೋಗಿ, ಆದರೆ ಬೆಲೆ ಮಾತಾಡುವವರು ಒಬ್ಬರೇ ಇರಲಿ. ಹಿಂದಿನಿಂದ ಚಿಕ್ಕಮ್ಮ 'ಇದ ಚಂದೈತಿ, ಇದನ್ನ ತಗೊಳ್ಳೂಣು' ಎಂದೊಡನೆ ಮಾತು ಮುಗಿದಂತೆ. ಇಷ್ಟವಾದದ್ದನ್ನು ಪಕ್ಕಕ್ಕಿಟ್ಟು, ಎಲ್ಲ ಆರಿಸಿ ಮುಗಿದ ಮೇಲೆ ಒಟ್ಟಿಗೆ ಬೆಲೆ ಕೇಳಿ. ಒಂದೊಂದಕ್ಕೇ ಜಗ್ಗಾಡಿದರೆ ದಣಿವು ಹೆಚ್ಚು, ಇಳಿಕೆ ಕಡಿಮೆ. ನಿಮ್ಮ ಗರಿಷ್ಠ ಮೊತ್ತವನ್ನು ಮನೆಯಲ್ಲೇ ಬರೆದುಕೊಂಡಿರಿ, 'ಬಜೆಟ್ ಎಷ್ಟ್ರೀ' ಎಂದರೆ ಅದನ್ನು ಹೇಳಬೇಡಿ, ಮಾಲು ಹೇಳಿ. ಅವರು ಬೆಲೆ ಹೇಳಿದ ಮೇಲೆ ಸ್ವಲ್ಪ ಸುಮ್ಮನಿರಿ. ಆ ಮೌನವನ್ನು ಅವಸರದಲ್ಲಿ ನೀವೇ ತುಂಬಿದರೆ ನಿಮ್ಮ ಬಾಯಿಂದಲೇ ಹೆಚ್ಚಿನ ಅಂಕಿ ಬರುತ್ತದೆ.

ಸಮಯವನ್ನೂ ಆರಿಸಿಕೊಳ್ಳಬಹುದು. ಲಗ್ನಸರಾಯಿ ಜೋರಿದ್ದಾಗ, ಅಕ್ಷಯ ತದಿಗೆಯ ನೂಕುನುಗ್ಗಲಿನಲ್ಲಿ ಯಾರೂ ಕೂತು ಮಾತಾಡುವುದಿಲ್ಲ. ಆಷಾಢದಲ್ಲಿ ಬಟ್ಟೆ ಅಂಗಡಿಗಳು ಖಾಲಿ. ಆಯೇರಿ ಸೀರೆಗೆ ಅದು ಒಳ್ಳೆಯ ಕಾಲ. ವಾರದ ನಡುವಿನ ದಿನ, ಬೆಳಗಿನ ಹೊತ್ತು, ಬೋಣಿಗೆಯ ಸಮಯವಾದರೆ ಮಾಲೀಕರೇ ಸಿಗುತ್ತಾರೆ. ಬೋಣಿಗೆಯಲ್ಲಿ ಬೆಲೆ ಕೇಳಿ ಕೊಳ್ಳದೆ ಹೋಗುವುದನ್ನು ಹಲವರು ಅಪಶಕುನ ಎಂದುಕೊಳ್ಳುತ್ತಾರೆ, ಆದ್ದರಿಂದ ನಿಜವಾಗಿ ಕೊಳ್ಳುವುದಿದ್ದರೆ ಮಾತ್ರ ಆ ಹೊತ್ತಿಗೆ ಹೋಗಿ.

ಇಳಿಸಲಿಲ್ಲ ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಬರುವಾಗ ಅಂಗಡಿಯ ಚೀಟಿಯಲ್ಲಿ ಮಾಲಿನ ವಿವರ, ಕೊನೆಯ ಬೆಲೆ, ದಿನಾಂಕ ಬರೆಸಿಕೊಂಡು ಬನ್ನಿ. ಬಂಗಾರವಾದರೆ ಮಜೂರಿಯ ಶೇಕಡಾ ಮಾತ್ರ ಸಾಕು, ದರ ಹೇಗೂ ನಾಳೆ ಬದಲಾಗುತ್ತದೆ. ಬೇರೆ ಎರಡು ಕಡೆ ನೋಡಿ ಮೊದಲಿನದೇ ಸರಿ ಎನಿಸಿದರೆ ಅಲ್ಲಿಗೇ ಮರಳಿ, 'ನಿಮ್ಮದ ರೇಟ್ ಸರಿ ಐತ್ರಿ, ಕೊಡ್ರಿ' ಎನ್ನಿ. ತಕರಾರು ಬಂದರೆ ಮೊದಲು ಅಂಗಡಿಗೆ ಲಿಖಿತವಾಗಿ ತಿಳಿಸಿ, ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದಲೂ ಆಗದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ನಡೆಸಬಹುದು. ಎಲ್ಲ ಹಂತದಲ್ಲೂ ಅವರು ಮೊದಲು ಕೇಳುವ ಕಾಗದ ಬಿಲ್.